ಕೂನೂರಿಗೆ ಕರೆಸಿದ ಕಾಗದ

ಕೂನೂರು, ನೀಲಗಿರಿ
11ನೇ ಫೆಬ್ರವರಿ 1912

ಮಗಳು ಅಕ್ತರುನ್ನೀಸಾಳಿಗೆ ಅಬ್ಬಾನ ದುವಾ.

ನಿನ್ನೆ ಮಧ್ಯಾಹ್ನ ಸುಖವಾಗಿ ಇಲ್ಲಿಗೆ ತಲುಪಿದೆ. ಈ ಒಂದು ಸಾಲನ್ನು ಮೊದಲು ನಿನ್ನ ಅಮ್ಮಿಗೆ ಓದಿ ಹೇಳು, ಉಳಿದದ್ದು ಆಮೇಲೆ. ಬಲಗೈಗೆ ಮೊಣಕೈವರೆಗೂ ಕಟ್ಟು ಹಾಕಿದ್ದಾರೆ, ಹಾಗಾಗಿ ಅಕ್ಷರ ಕೋಳಿ ಕೆದರಿದಂತಿದೆ. ಹೆಣ್ಣುಮಕ್ಕಳ ಸ್ಕೂಲಿನಲ್ಲಿ ನಾಲ್ಕು ವರ್ಷ ಕಲಿತವಳು ನೀನು, ಓದಿಕೊಳ್ಳುತ್ತೀಯೆ.

ಬೆಂಗಳೂರು, ಜೋಲಾರಪೇಟೆ, ಈರೋಡು ಎಂದು ರೈಲು ಬದಲಿಸುತ್ತ ಬಂದೆ. ಮೆಟ್ಟುಪಾಳ್ಯದಿಂದ ಬೆಟ್ಟ ಹತ್ತುವ ರೈಲಿಗೆ ಎರಡು ಹಳಿಗಳ ನಡುವೆ ಹಲ್ಲುಹಲ್ಲಾದ ಇನ್ನೊಂದು ಹಳಿ. ಎಂಜಿನ್ನಿನ ಕೆಳಗಿನ ಹಲ್ಲುಚಕ್ರ ಅದನ್ನು ಕಚ್ಚಿ ಕಚ್ಚಿ ಮೇಲೇರುತ್ತದೆ. ಇಪ್ಪತ್ತು ವರ್ಷದಿಂದ ಗಾಡಿಚಕ್ರ ಮಾಡುವ ನನಗೆ ಕೈನೋವೂ ಮರೆತುಹೋಯಿತು. ಕಿಟಕಿಯಿಂದ ಬಗ್ಗಿ ನೋಡಿದ್ದಕ್ಕೆ ಗಾರ್ಡಿನವನು ಬೈದ.

ಹುಚ್ಚುನಾಯಿ ಕಡಿದವರಿಗೆ ಸೂಜಿ ಹಾಕುವ ಆಸ್ಪತ್ರೆ ದಕ್ಷಿಣಕ್ಕೆಲ್ಲ ಇದೊಂದೇ ಅಂತೆ. ಡಾಕ್ಟರು ಎಲ್ಲವನ್ನೂ ಕೇಳಿ ಬರೆದುಕೊಂಡರು. ಸೋಮವಾರ ಬೆಳಗ್ಗೆ ನಮ್ಮ ಗಾಡಿ ಕೊಟ್ಟಿಗೆಗೆ ಅಂತರಸಂತೆಯ ದೊಡ್ಡಮಾದಯ್ಯ ಮರ ತಂದಿದ್ದ, ಚಕ್ರದ ನಡುವಿನ ಗುಂಬಕ್ಕೆ ಈ ಹಸಿಮರ ಆಗದು ಎಂದು ನಾನು ಜಗಳ ತೆಗೆದೆ, ಇಬ್ಬರೂ ಕೂಗಾಡಿ ಅವನು ಹೊರಟಾಗ ನಾಯಿ ನುಗ್ಗಿ ನನ್ನ ಕೈ ಹಿಡಿಯಿತು, ಮಾದಯ್ಯ ಅದರ ದವಡೆಗೆ ಕೈ ಹಾಕಿ ಬಿಡಿಸಿದ ಎಂದೆ.

"ಅವನಿಗೂ ಕಚ್ಚಿತೋ?" ಎಂದರು.

"ಇಲ್ಲ ಸ್ವಾಮಿ, ಹೆಬ್ಬೆರಳಿಗೆ ಒಂದು ಗೀರು."

ಅವರು ಲೇಖನಿ ಕೆಳಗಿಟ್ಟು, "ಅವನು ಎಲ್ಲಿ?" ಎಂದರು.

ಗೀರಾದರೂ ಅಷ್ಟೇ, ಹಲ್ಲಾದರೂ ಅಷ್ಟೇ ಅಂತೆ. ಅಣ್ಣನಿಗೆ, ನಿನ್ನ ಬಡೇ ಅಬ್ಬಾಗೆ ಹೇಳು, ಇವತ್ತೇ ಅಂತರಸಂತೆಗೆ ಆಳು ಕಳಿಸಿ ಮಾದನನ್ನು ಹೊರಡಿಸಲಿ. ನನ್ನ ಗಾಯ ಆಳವಾದ್ದರಿಂದ ದಿನಕ್ಕೊಂದು ಸೂಜಿಯಂತೆ ಇಪ್ಪತ್ತೊಂದು ದಿನ.

ಇಳಿದುಕೊಂಡಿರುವುದು ಮಾಯಮ್ಮ ಎಂಬವರ ಮನೆಯಲ್ಲಿ. ಗುಂಡ್ಲುಪೇಟೆಯ ಕಡೆಯವರು, ವಿಧವೆ. ಯಾರೋ ದೊರೆಸಾನಿ ಬಿಟ್ಟುಹೋದ ಹಳೆಯ ಬಂಗಲೆ, ಆರು ಕೋಣೆ, ಮುಂದೆ ಗಾಜಿನ ಜಗುಲಿ. ಆಸ್ಪತ್ರೆಗೆ ಬಂದವರಿಗೆಂದೇ ಇಟ್ಟಿದ್ದಾರೆ. ಬಾಗಿಲಲ್ಲೇ ನಿಂತು, "ಅಮ್ಮಾ, ನಾನು ಸಾಬರವನು" ಎಂದೆ. "ನಾಯಿ ಕೇಳ್ಕಂಡು ಕಡೀತೇನಪ್ಪಾ? ಒಳಿಕ್ ಬಾ, ಚಳಿ" ಎಂದರು.

ನಿನ್ನ ಅಬ್ಬಾ,
ಖದೀರ್


ಹುಣಸೂರು
15ನೇ ಫೆಬ್ರವರಿ 1912

ಅಬ್ಬಾ ಅವರಿಗೆ ಅಕ್ತರುನ್ನೀಸಾಳ ಸಲಾಮು.

ನಿಮ್ಮ ಕಾಗದ ನಿನ್ನೆ ಬಂತು. ಅಮ್ಮಿ ಮೂರು ಸಲ ಓದಿಸಿದರು. ಕೊನೆಯ ಸಲ ಬರೀ ಮೊದಲ ಸಾಲು ಸಾಕು ಎಂದರು.

ಬಡೇ ಅಬ್ಬಾ ಆಗಲೇ ಗಾಡಿ ಹಬೀಬನನ್ನು ಅಂತರಸಂತೆಗೆ ಓಡಿಸಿದರು. ಈಗ ತಾನೇ ಅವನು ಒಬ್ಬನೇ ವಾಪಸು ಬಂದ. ಮಾದಯ್ಯ ಮಾಮ ಅಂದದ್ದನ್ನು ಅಂದಂತೆಯೇ ಬರೆಯುತ್ತೇನೆ, ಕೋಪಿಸಿಕೊಳ್ಳಬೇಡಿ. "ನಾನ್ ತಂದ ಮರನ ಸೌದೆ ಅಂದೋನು ಈಗ ನನ್ ಬೆರಳ ಚಿಂತೆ ಮಾಡ್ತಾನಾ? ಗೀರಿಗೆಲ್ಲ ಯಾರಾರ ರೈಲತ್ತಿ ಓಯ್ತಾರೇನ್ಲಾ? ಕಾಡಿನ ಕೂಪಲ್ಲಿ ಕಡಿದಿರೋ ಮರ ಬಿದ್ದದೆ, ಮಳೆ ಇಡಕಳೋ ಗಂಟ ನಂಗೆ ಪುರುಸೊತ್ತಿಲ್ಲ" ಎಂದರಂತೆ. ಅವರ ಮನೆಯವರು ಚಿಕ್ಕಸಿದ್ದಮ್ಮ ಬೆರಳಿಗೆ ಸೊಪ್ಪು ಅರೆದು ಕಟ್ಟಿದ್ದಾರೆ. ಗಾಯ ಪೂರ್ತಿ ಮಾಗಿದೆ ಎಂದು ಹಬೀಬ್ ಹೇಳುತ್ತಾನೆ.

ಪಕ್ಕದ ಮನೆ ಸಾಕಮ್ಮನವರ ಹಸುವಿನ ಮೂತಿಗೂ ಅದೇ ನಾಯಿ ಬಾಯಿ ಹಾಕಿತ್ತಲ್ಲ, ಅದೂ ಚೆನ್ನಾಗಿ ಮೇಯುತ್ತಿದೆ. ಆದ್ದರಿಂದ ನೀವು ಧೈರ್ಯವಾಗಿರಿ.

ಅಲ್ಲಿ ಚಳಿ ಅಂದಿರಿ. ಅಮ್ಮಿ ಕಂಬಳಿ ಕಳಿಸಬೇಕೆಂದು ಹಟ ಹಿಡಿದಿದ್ದಾರೆ.

ನಿಮ್ಮ ಮಗಳು,
ಅಕ್ತರುನ್ನೀಸಾ


ಕೂನೂರು
18ನೇ ಫೆಬ್ರವರಿ 1912

ಅಕ್ತರುನ್ನೀಸಾಳಿಗೆ ದುವಾ.

ಕಂಬಳಿ ಬೇಡವೆಂದು ಹೇಳು. ಮಾಯಮ್ಮ ಒಬ್ಬೊಬ್ಬರಿಗೆ ಎರಡೆರಡು ಕೊಟ್ಟಿದ್ದಾರೆ.

ಇಲ್ಲಿಯ ದಿನಚರಿ ಕೇಳು. ಬೆಳಗ್ಗೆ ಎದ್ದರೆ ಗಾಜಿನ ಆಚೆ ಮಂಜು ಬಿಟ್ಟು ಏನೂ ಕಾಣದು. ಎಂಟು ಗಂಟೆಗೆ ಮೇಲಿನ ಇಗರ್ಜಿಯ ಗಂಟೆ ಹೊಡೆಯುವಾಗ ನಾವು ಒಂಬತ್ತು ಜನ ಸಾಲಾಗಿ ಆಸ್ಪತ್ರೆಗೆ ಏರು ಹತ್ತುತ್ತೇವೆ. ಎದುರಿಗೆ ದೊರೆಗಳ ಕುದುರೆ ಬಂದರೆ ಚರಂಡಿಯ ಕಡೆಗೆ ಸರಿದು ನಿಲ್ಲಬೇಕು. ಹೊಟ್ಟೆಯ ಚರ್ಮಕ್ಕೆ ಸೂಜಿ. ವಾಪಸು ಬಂದು ಗಾಜಿನ ಜಗುಲಿಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತರೆ ಮಾಯಮ್ಮ ಬಿಸಿ ಗಂಜಿ ತರುತ್ತಾರೆ. ತಂದ ಮೇಲೆ ನಿಂತು ನೋಡುತ್ತಾರೆ, ಎಲ್ಲರೂ ಕುಡಿದು ಮುಗಿಸುವವರೆಗೂ. ಕೊಡಗಿನ ದೇವಯ್ಯ ಎಂಬವರು ಒಂದು ದಿನ ಹಸಿವಿಲ್ಲವೆಂದು ಗಂಜಿ ಪಕ್ಕಕ್ಕೆ ಇಟ್ಟರು. ಮಾಯಮ್ಮನ ಮುಖ ಬಿಳುಚಿಹೋಯಿತು. "ಒಂದು ಗುಟುಕು ಕುಡುದ್ಬುಡಿ ಸ್ವಾಮಿ, ನನಗೋಸ್ಕರ" ಎಂದು ಕೈಮುಗಿದರು.

ಆಮೇಲೆ ನಾನೇ ಕೇಳಿದೆ. ಅವರ ಗಂಡ ಇದೇ ಊರಿನಲ್ಲಿ ಒಬ್ಬ ದೊರೆಯ ಬಟ್ಲರ್ ಆಗಿದ್ದವರು. ದೊರೆಯ ನಾಯಿಮರಿ ಆಟವಾಡುತ್ತ ಕೈ ಗೀರಿತಂತೆ. ರಕ್ತ ಕೂಡ ಬರಲಿಲ್ಲ. ಆಗ ಈ ಆಸ್ಪತ್ರೆ ಇರಲಿಲ್ಲ. ಎರಡು ತಿಂಗಳು ಎಲ್ಲ ಸರಿಯಾಗಿತ್ತು. ಒಂದು ಬೆಳಗ್ಗೆ ಕಾಫಿ ಲೋಟ ಬಾಯಿಗೆ ತಂದವರು ಕುಡಿಯಲಾರದೆ ಎಸೆದರು. "ನಾಕನೇ ದಿನಕ್ಕೆ ಮಣ್ಣು ಮಾಡುದ್ವಿ ಕಣಪ್ಪ. ನೀರು ಅಂದ್ರೆ ಮೂಲೆಗೆ ಓಡೋರು. ನೀರ್ ಕೊಡದೇ ಕಳಿಸ್ಬುಟ್ಟೆ ನನ್ ಗಂಡನ್ನ" ಎಂದು ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಗೀರು ಮಾಗಿದೆ ಎಂದು ಬರೆದಿದ್ದೀಯೆ. ಅದನ್ನು ಓದಿದ ಮೇಲೆ ನನಗೆ ಅನ್ನ ಸೇರುತ್ತಿಲ್ಲ. ಅಕ್ತರ್, ಆ ನಾಯಿ ನನ್ನನ್ನು ಹಿಡಿದಿತ್ತು. ಅವನು ದೂರ ನಿಂತಿದ್ದ. ಕೋಪಿಸಿಕೊಂಡು ಹೊರಟೇಬಿಟ್ಟಿದ್ದವನು ತಿರುಗಿ ಬಂದು ಕೈ ಹಾಕಿದ. ಇದರ ಜೊತೆ ಅವನಿಗೊಂದು ಚೀಟಿ ಇದೆ, ಹಬೀಬನ ಕೈಲಿ ಕಳಿಸು.

ಖದೀರ್

(ಚೀಟಿ)
ಲೋ ಮಾದ, ಮರದ ಮಾತು ಸಾಯಲಿ. ನಿನ್ನ ಮರ ಚಿನ್ನ, ನನ್ನ ಬಾಯಿ ಕೊಳಕು, ಆಯ್ತಾ? ಎಲ್ಲ ಬಿಟ್ಟು ಹೊರಟು ಬಾರೋ. ಖದೀರ.


ಕೂನೂರು
20ನೇ ಫೆಬ್ರವರಿ 1912

ಶ್ರೀಮಾನ್ ದೊಡ್ಡಮಾದಯ್ಯನವರಿಗೆ ಖದೀರನು ಮಾಡುವ ವಿಜ್ಞಾಪನೆ.

ನನಗೆ ದೇಹದಲ್ಲಿ ಬಹಳ ಆಯಾಸವಾಗಿದೆ. ಎರಡು ದಿನದಿಂದ ನೀರು ಇಳಿಯುತ್ತಿಲ್ಲ. ಡಾಕ್ಟರು ಏನನ್ನೂ ಹೇಳುವುದಿಲ್ಲ. ಇಲ್ಲಿ ನನ್ನವರು ಎಂಬುವರು ಯಾರೂ ಇಲ್ಲ. ನಿಮ್ಮೊಂದಿಗೆ ಆಡಿದ ಮಾತುಗಳನ್ನು ನೆನೆದು ಸಂಕಟವಾಗುತ್ತಿದೆ. ನೀವು ದಯವಿಟ್ಟು ಕೂಡಲೇ ಬಂದು ನನ್ನ ಮುಖ ನೋಡಬೇಕು. ಹುಣಸೂರಿನಲ್ಲಿ ನಮ್ಮ ಮನೆಯವರಿಗೆ ಈ ವಿಷಯ ತಿಳಿಸಬಾರದು, ಅವರು ತಾಳಲಾರರು. ಹಬೀಬನು ನಿಮ್ಮನ್ನು ಮೈಸೂರಿನವರೆಗೆ ಕರೆತಂದು ರೈಲು ಹತ್ತಿಸುತ್ತಾನೆ.

ಇಂತು ನಿಮ್ಮ ಸ್ನೇಹಿತ,
ಖದೀರ್


ಕೂನೂರು
2ನೇ ಮಾರ್ಚ್ 1912

ಅಕ್ತರುನ್ನೀಸಾಳಿಗೆ.

ನಿನ್ನೆ ಇಲ್ಲಿ ಏನು ನಡೆಯಿತೆಂದು ಬರೆಯುತ್ತೇನೆ. ಓದಿ, ನಿನಗೆ ತಿಳಿದದ್ದನ್ನು ನನಗೆ ಬರೆ.

ಮಧ್ಯಾಹ್ನ ಬಿಸಿಲು ಬಿದ್ದಿತ್ತು. ನಾನೂ ದೇವಯ್ಯನವರೂ ಗಾಜಿನ ಜಗುಲಿಯಲ್ಲಿ ಕೂತಿದ್ದೆವು. ನನ್ನ ಕೈಯಲ್ಲಿ ಲೋಟ ತುಂಬ ಚಹಾ. ಗೇಟಿನ ಹತ್ತಿರ ಕರಿಕಂಬಳಿ ಹೊದ್ದ ಒಂದು ಆಳು ನಿಂತು ನನ್ನನ್ನೇ ನೋಡುತ್ತಿದೆ. ಮಾದ! ಜೋಲಾರಪೇಟೆಯಲ್ಲಿ ತಪ್ಪು ರೈಲು ಹತ್ತಿ ಒಂದು ದಿನ ಎಲ್ಲೆಲ್ಲೋ ಸುತ್ತಿ ಬಂದಿದ್ದಾನೆ, ಕಣ್ಣೆಲ್ಲ ಕೆಂಪು.

"ಏನ್ಲಾ, ನೀನು ಚಾ ಕುಡೀತಾ ಇದ್ದೀಯಾ?" ಎಂದ.

"ಹೂಂ ಕಣೋ. ನಿನಗೂ ತರಿಸಲಾ?"

"ನೀನ್ ಸಾಯ್ತಾ ಇಲ್ವಾ?"

"ಯಾಕೆ ಸಾಯಲಿ?"

ಅಲ್ಲೇ ನಿಂತು ಬೈದ ನೋಡು, ಇಗರ್ಜಿಯಿಂದ ಬರುತ್ತಿದ್ದ ದೊರೆಸಾನಿಯರು ಕೊಡೆ ಮಡಚಿ ನೋಡಿದರು. ನನ್ನನ್ನು, ನಮ್ಮಪ್ಪನನ್ನು, ರೈಲನ್ನು, ಈ ಬೆಟ್ಟವನ್ನು, ಎಲ್ಲವನ್ನೂ ಬೈದು, ಕೊನೆಗೆ ಮೆಟ್ಟಿಲ ಮೇಲೆ ಕೂತು ಕಂಬಳಿಯಲ್ಲಿ ಮುಖ ಮುಚ್ಚಿಕೊಂಡ. ಹೆಗಲು ಅಲುಗುತ್ತಿತ್ತು. ನಾನು ಪಕ್ಕದಲ್ಲಿ ಕೂತೆ. ಮಾಯಮ್ಮ ಬಂದು, "ಅತ್ತಿದ್ದು ಸಾಕು, ಎಲ್ಲಪ್ಪ, ಬೆರಳು ತೋರ್ಸು" ಎಂದರು.

ಇವತ್ತು ನನಗೆ ಕೊನೆಯ ಸೂಜಿ, ಅವನಿಗೆ ಮೊದಲನೆಯದು. ಇಪ್ಪತ್ತಾರು ದಿನ ಕಳೆದುಹೋಗಿದೆ, ಬಹಳ ತಡ, ಹಾಕುವುದನ್ನು ಹಾಕುತ್ತೇವೆ ಎಂದಷ್ಟೇ ಡಾಕ್ಟರು ಹೇಳಿದರು. ಅವನನ್ನು ಬಿಟ್ಟು ನಾನು ಬರಲಾರೆ. ಎರಡು ವಾರ ಇಬ್ಬರೂ ಒಂದೇ ಕೋಣೆಯಲ್ಲಿ ಇರುತ್ತೇವೆ.

ಅವನು ಒಂದು ಕಾಗದ ತೋರಿಸಿದ. ಅಕ್ಷರ ನನ್ನದರಂತೆಯೇ ಕೋಳಿ ಕೆದರಿದ ಹಾಗಿದೆ. ನಾನು ಅದನ್ನು ಬರೆಯಲಿಲ್ಲ.

ಖದೀರ್


ಹುಣಸೂರು
6ನೇ ಮಾರ್ಚ್ 1912

ಅಬ್ಬಾ,

ಬರೆದದ್ದು ನಾನು.

ನಿಮ್ಮ ಚೀಟಿಯನ್ನು ಹಬೀಬ್ ತೆಗೆದುಕೊಂಡು ಹೋದ. ಮಾದಯ್ಯ ಮಾಮ ಬಿಡಿಸಿಯೂ ನೋಡದೆ ವಾಪಸು ಕೊಟ್ಟರು. ಚೀಟಿ ವಾಪಸು ಬಂದ ಬೆಳಗ್ಗೆಯೇ ಸಾಕಮ್ಮನವರ ಹಸು ಸತ್ತಿತು. ನಿಮಗೆ ತಿಳಿಸಬಾರದೆಂದು ಅಮ್ಮಿ ಆಣೆ ಹಾಕಿಸಿದ್ದರು, ಅದಕ್ಕೇ ನಡುವೆ ನಾನು ಕಾಗದವನ್ನೇ ಬರೆಯಲಿಲ್ಲ. ಬರೆಯಲು ಕೂತರೆ ಅದನ್ನೂ ಬರೆದುಬಿಡುತ್ತೇನೆಂದು ಭಯ. ಸಾಯುವ ಮುಂಚೆ ಎರಡು ದಿನ ಹಸು ಬಾಯಲ್ಲಿ ನೊರೆ ಸುರಿಸುತ್ತ ಗೋಡೆಗೆ ತಲೆ ಚಚ್ಚಿಕೊಂಡಿತು. ಆ ಕೂಗು ನಮ್ಮ ಅಡಿಗೆಮನೆಗೆ ಕೇಳುತ್ತಿತ್ತು. ಒಂದೇ ನಾಯಿ, ಒಂದೇ ಬೆಳಗ್ಗೆ. ನೀವಾದರೂ ಅಲ್ಲಿದ್ದೀರಿ. ಮಾಮ ಕಾಡಿನಲ್ಲಿ ಮರ ಎಳೆಯುತ್ತಿದ್ದಾರೆ.

ತಮಗಾಗಿ ಬನ್ನಿ ಎಂದರೆ ಅವರು ಬರುವವರಲ್ಲ. ನಿಮಗಾಗಿ ಎಂದರೆ ಬರುತ್ತಾರೆಂದು ನನಗೆ ಅನ್ನಿಸಿತು. ನಿಮ್ಮ ಹಳೆಯ ಲಕೋಟೆಯಲ್ಲಿ ಹಾಕಿ ಕಳಿಸಿದೆ. ಹಬೀಬನಿಗೂ ನಿಜ ಹೇಳಲಿಲ್ಲ.

ಆದರೆ ಮನೆಯವರಿಗೆ ತಿಳಿಸಬಾರದು ಎಂದು ಬರೆದದ್ದು ನಡೆಯಲಿಲ್ಲ. ಮಾಮ ಹೊರಟ ಮೂರನೆಯ ದಿನ ಚಿಕ್ಕಸಿದ್ದಮ್ಮನವರು ಗಾಡಿ ಕಟ್ಟಿಸಿಕೊಂಡು ಬಂದು, ಬಾಗಿಲಲ್ಲೇ ಅಮ್ಮಿಯನ್ನು ತಬ್ಬಿಕೊಂಡು, "ಧೈರ್ಯ ತಂದ್ಕಳವ್ವಾ ಗುಲ್ಜಾರಮ್ಮಾ" ಎಂದು ಅತ್ತರು. ಅಮ್ಮಿ ಏನೆಂದೂ ಕೇಳಲಿಲ್ಲ. ನಿಂತಲ್ಲೇ ಬಿದ್ದರು. ಹಣೆ ಹೊಸಿಲಿಗೆ ತಾಗಿ ಒಡೆಯಿತು. ನಾನು ಓಡಿಬಂದು, ಸುಳ್ಳು, ಎಲ್ಲಾ ಸುಳ್ಳು, ನಾನೇ ಬರೆದದ್ದು ಎಂದು ಕಿರುಚಿದೆ. ಚಿಕ್ಕಸಿದ್ದಮ್ಮನವರು ನನ್ನ ಮುಖ ನೋಡಿದ ನೋಟವನ್ನು ನಾನು ಮರೆಯಲಾರೆ. ಆಮೇಲೆ ಅವರೇ ಅಮ್ಮಿಯ ಹಣೆಗೆ ಅರಿಶಿನ ಒತ್ತಿದರು, ನನ್ನೊಡನೆ ಮಾತಾಡದೆ ಹೋದರು.

ಹೆಣ್ಣುಮಕ್ಕಳಿಗೆ ಓದು ಕಲಿಸಿದರೆ ಹೀಗೇ ಆಗುತ್ತದೆ ಎಂದು ಬಡೇ ಅಬ್ಬಾ ನನ್ನ ಮಸಿ, ಲೇಖನಿ, ಕಾಗದ ಎಲ್ಲವನ್ನೂ ಎತ್ತಿಟ್ಟಿದ್ದಾರೆ. ಇದನ್ನು ಸಾಕಮ್ಮನವರ ಮನೆಯ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಅಮ್ಮಿಯ ಗಾಯ ಒಣಗುತ್ತಿದೆ. ನೀವು ಏನು ಶಿಕ್ಷೆ ಕೊಟ್ಟರೂ ಸರಿ.

ಮಾಮನಿಗೆ ಹಸುವಿನ ಸಂಗತಿ ಹೇಳಬೇಡಿ. ಡಾಕ್ಟರಿಗೆ ಹೇಳಿ.

ಅಕ್ತರುನ್ನೀಸಾ


ಕೂನೂರು
11ನೇ ಮಾರ್ಚ್ 1912

ಅಕ್ತರ್,

ಈ ಕಾಗದವನ್ನು ನಿನ್ನ ಬಡೇ ಅಬ್ಬಾನ ಎದುರಿಗೇ ಓದು.

ನಿನ್ನ ಮೇಲೆ ನನಗೆ ಕೋಪವಿದೆ. ಸುಳ್ಳು ಹೇಳಿದ್ದಕ್ಕಲ್ಲ ಎಂದು ಬರೆಯಲಾರೆ, ಅದಕ್ಕೂ ಇದೆ. ನಿನ್ನ ಅಮ್ಮಿ ಬಿದ್ದದ್ದಕ್ಕೆ ಅದಕ್ಕಿಂತ ಹೆಚ್ಚು. ಆ ಗಾಯದ ಗುರುತು ಇರುವಷ್ಟು ದಿನವೂ ನೀನು ಅದನ್ನು ನೋಡಬೇಕು, ಅದಕ್ಕಿಂತ ದೊಡ್ಡ ಶಿಕ್ಷೆ ನನ್ನಲ್ಲಿಲ್ಲ. ಚಿಕ್ಕಸಿದ್ದಮ್ಮನ ಹತ್ತಿರ ನೀನೇ ಹೋಗಿ ತಪ್ಪಾಯಿತು ಎನ್ನಬೇಕು.

ಹಸುವಿನ ವಿಷಯ ಡಾಕ್ಟರಿಗೆ ಹೇಳಿದೆ. ಅವರು ಮಾದನ ಹದಿನಾಲ್ಕು ಸೂಜಿಯನ್ನು ಇಪ್ಪತ್ತೊಂದು ಮಾಡಿದರು. "ಆ ಹುಡುಗಿ ಒಂದು ವಾರ ಮೊದಲೇ ಸುಳ್ಳು ಹೇಳಬೇಕಿತ್ತು" ಎಂದರು. ನಗಲಿಲ್ಲ.

ಇನ್ನೂ ಆರು ತಿಂಗಳು ಕಳೆಯುವವರೆಗೆ ಖಾತ್ರಿ ಇಲ್ಲವಂತೆ. ಮಾದನಿಗೆ ಇದನ್ನು ಹೇಳಿದ್ದೇವೆ. "ಆರು ತಿಂಗಳಿಗೆ ಒಂದು ರಾಗಿ ಬೆಳೆ ಬತ್ತದೆ, ನೋಡಾನ ಬುಡು" ಎಂದ. ಹಗಲೆಲ್ಲ ಮಾಯಮ್ಮನ ಸೌದೆ ಒಡೆಯುತ್ತಾನೆ, ಬೇಡವೆಂದರೂ ಕೇಳುವುದಿಲ್ಲ. ನಾನು ಅವರ ಜಗುಲಿಯ ಮುರಿದ ಬಾಗಿಲು ಸರಿಮಾಡಿದೆ. ನಿನ್ನೆ ದೇವಯ್ಯನವರು ಊರಿಗೆ ಹೊರಟರು. ಮಾಯಮ್ಮ ಗೇಟಿನವರೆಗೂ ಹೋಗಿ, "ಸೇರಿದ ಮೇಲೆ ಒಂದು ಕಾರ್ಡು ಆಕಿ" ಎಂದರು. ಅಡಿಗೆಮನೆಯ ಗೋಡೆಗೆ ಒಂದು ತಂತಿ, ಅದರ ತುಂಬ ಸಿಕ್ಕಿಸಿದ ಕಾರ್ಡುಗಳು. ಅವರಿಗೆ ಓದು ಬಾರದು. ಎಷ್ಟು ಬಂದಿವೆ ಎಂದು ಮಾತ್ರ ನೋಡಿಕೊಳ್ಳುತ್ತಾರೆ.

ಅಣ್ಣಾ, ಇನ್ನು ಈ ಮಾತು ನಿಮಗೆ. ಮಗುವಿನ ಮಸಿ, ಲೇಖನಿ ವಾಪಸು ಕೊಡಿ. ನಮ್ಮ ಮನೆಯ ಗಂಡಸರೆಲ್ಲ ಸೇರಿ ಒಬ್ಬನನ್ನು ಅಂತರಸಂತೆಯಿಂದ ಹೊರಡಿಸಲಾಗಲಿಲ್ಲ.

ಖದೀರ್


ಅಂತರಸಂತೆ
24ನೇ ಸೆಪ್ಟೆಂಬರ್ 1912

ಅಕ್ತರವ್ವನಿಗೆ ದೊಡ್ಡಮಾದಯ್ಯನ ಆಶೀರ್ವಾದ.

ಇದನ್ನ ನಾನೇ ಬರ್ದಿವ್ನಿ. ತಪ್ಪಿದ್ರೆ ನಗಬ್ಯಾಡ. ಮಠದಲ್ಲಿ ನಿಮ್ಮಪ್ಪ ಕಲ್ತಷ್ಟು ನಾನು ಕಲೀನಿಲ್ಲ.

ಡಾಕ್ಟ್ರು ಯೋಳಿದ್ದ ಆರು ತಿಂಗಳು ಮೊನ್ನೆ ತುಂಬ್ತು. ಮಾಯಮ್ಮನಿಗೆ ಕಾರ್ಡ್ ಆಕ್ದೆ. ರಾಗಿ ಸೊಂಪಾಗಿ ಬಂದದೆ, ನಾನೂ ಗಟ್ಟಿಯಾಗಿವ್ನಿ. ನಮ್ಮೋಳು ಈಗ ನಿನ್ನ ಮಾತೆತ್ತುದ್ರೆ ಮೊಕ ಸಿಂಡರಿಸಾಕಿಲ್ಲ. ನೀನು ಬಂದು ಅವಳ ಕಾಲ ತಾವ ಕೂತು ಅತ್ತಿದ್ನ ಊರಿಗೆಲ್ಲ ಯೋಳ್ಕಂಡು ತಿರುಗ್ತಾಳೆ.

ನಿಂಗೊಂದು ಮಾತು ಯೋಳಬೇಕು ಅಂತಾನೇ ಈ ಕಾಗದ. ಆರು ತಿಂಗಳು ಕಳೀಲಿ ಅಂತ ಬಾಯಿ ಮುಚ್ಕಂಡಿದ್ದೆ.

ಆ ಕಾಗದ ನಿಮ್ಮಪ್ಪಂದಲ್ಲ ಅಂತ ನಂಗೆ ಓದುತ್ಲೂ ತಿಳೀತು ಕಣವ್ವಾ. ನಿಮ್ಮಪ್ಪ ಹುಟ್ಟಿದಾಗಿಂದ ನನ್ನ ಶ್ರೀಮಾನ್ ಅಂದೋನಲ್ಲ. ಸಾಯೋವಾಗ್ಲೂ ಅನ್ನಾಕಿಲ್ಲ. ನೀವು ತಾವು ಅಂತ ನಯವಾಗಿ ಬರಿಯೋರು ನಿಮ್ಮನೇಲಿ ನೀನೊಬ್ಳೇಯ.

ತಿಳಿದೂ ಯಾಕೋದೆ ಅಂತೀಯಾ? ಆ ಇಪ್ಪತ್ತು ದಿನ ನಾನು ಎಂಗಿದ್ದೆ ಅಂತ ನನ್ನೆಂಡ್ತಿಗೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ಯಾರೂ ಏಳೋಕ್ ಮುಂಚೆ ಬಾವಿ ತಾವ ಓಗಿ, ಒಂದು ಚೆಂಬು ನೀರು ಸೇದಿ, ಕೈಲಿಟ್ಕಂಡು ನಿಂತ್ಕಳೋನು. ಇವತ್ತು ಕುಡಿಯಾಕಾಯ್ತದಾ ಇಲ್ವಾ ಅಂತ. ಇಳೀತು ಅಂದ್ರೆ ಇವತ್ತೊಂದಿನ ಬದುಕಿದೆ ಅಂದ್ಕಂಡು ಕೂಪಿಗೋಗೋನು. ಹಬೀಬ ಬಂದಾಗ ಗೀರು ಗೀರು ಅಂತ ನಕ್ಕುಬುಟ್ಟಿದ್ದೆ. ನಕ್ಕ ಮ್ಯಾಕೆ ಯಾವ ಮೊಕ ಇಟ್ಕಂಡು ನಂಗೆ ಭಯ ಆಯ್ತದೆ ಕರ್ಕಂಡೋಗಿ ಅನ್ಲಿ? ಅದ್ರ ಮ್ಯಾಲೆ ನಿಮ್ಮಪ್ಪನ ಜತೆ ಜಗಳ ಬ್ಯಾರೆ.

ನಿನ್ನ ಕಾಗದ ಬಂತು. ಸ್ನೇಹಿತ ಸಾಯ್ತಾವ್ನೆ ಅಂದ್ರೆ ಯಾರೂ ನಗಾಕಿಲ್ಲ. ಕಂಬಳಿ ತಗಂಡು ಎದ್ದೆ. ಆದ್ರೂ ರೈಲಲ್ಲಿ ಕೂತ್ಮೇಲೆ, ಒಂದ್ವ್ಯಾಳೆ ಇದು ನಿಜವೇ ಆಗಿದ್ರೆ ಅಂತ ಎದೆ ಒಡ್ಕಳೋದು. ಆ ಗಾಜಿನ ಜಗುಲೀಲಿ ಅವನು ಕೂತಿದ್ನ ನೋಡ್ದಾಗ ಬೈದಿದ್ದು ನಾಟಕ ಅಲ್ಲ ಮಗಾ, ಅಳಾಕೆ ಮುಂಚೆ ಏನಾರ ಮಾಡಬೇಕಿತ್ತು.

ಇದ ನಿಮ್ಮಪ್ಪನಿಗೆ ಯೋಳಬ್ಯಾಡ. ನನ್ ಮಗಳ ಬುದ್ಧಿಗೆ ಮಾದ ಬಿದ್ದ ಅಂತ ಹುಣಸೂರು ಪ್ಯಾಟೆಲೆಲ್ಲ ಮೀಸೆ ತಿರುವ್ತಾವ್ನಂತೆ. ತಿರುವ್ಕಳ್ಲಿ.

ನಿನ್ನ ಮಾಮ,
ದೊಡ್ಡಮಾದಯ್ಯ